ಥಂಡಿ ದಿನದಾಗ ದೇವಣಿ ಕರು ಸೊರಗಬಾರದು

ದನ ಸಾಕೋದರಾಗ ಲಾಭ ಇಲ್ಲ ಅಂತ ನಮ್ಮ ಬೀದರ, ಭಾಲ್ಕಿ, ಔರಾದ ಕಡೆ ರೈತರು ಮಾತಾಡುವಾಗ ಮೇವಿನ ರೇಟು ಬರುತ್ತದೆ, ಕೂಲಿ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ. ಥಂಡಿಯ ಮಾತು ಮಾತ್ರ ಬರೋದಿಲ್ಲ. ಆದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆಯ ತನಕದ ಆರೇಳು ವಾರಗಳಲ್ಲಿ ಕೊಟ್ಟಿಗೆಯ ಎಳೆಗರುಗಳ ಕೂದಲು ನಿಗರುತ್ತದೆ, ಪಕ್ಕೆಲುಬು ಕಾಣುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಕರು ಸಾಯಲಿಲ್ಲವಲ್ಲ ಎಂದು ನಾವು ಸುಮ್ಮನಾಗುತ್ತೇವೆ. ನಷ್ಟ ಆಗುವುದು ಅಲ್ಲಿಯೇ.

ಕೊಳಾರದ ಸುತ್ತಮುತ್ತ ಈ ದಿನಗಳಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ಬೆಳಗಿನ ಜಾವ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಹಗಲಿಗೂ ರಾತ್ರಿಗೂ ಇಷ್ಟು ಅಂತರ ಇರುವುದರಿಂದ ನಮ್ಮ ಥಂಡಿ ರಾತ್ರಿಯ ಥಂಡಿ. ಅದಕ್ಕೆ ಬೇಕಾದ ಉಪಾಯವೂ ಸಂಜೆಯಿಂದ ಬೆಳಗಿನ ತನಕದ್ದು.

ಮೈ ಮಾರುವ ಲೆಕ್ಕ

ಕೆನಡಾದಂಥ ಚಳಿ ದೇಶಗಳಲ್ಲಿ ಕರು ಸಾಕುವುದು ಮಾಂಸಕ್ಕಾಗಿ. ಅಲ್ಲಿ ಕಿಲೊ ಲೆಕ್ಕ. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಹೋರಿ, ಎತ್ತು ಯಾವುದನ್ನೂ ಕಡಿಯಲು ಬಿಡುವುದಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಗಡಿಯಾಚೆ ಮಹಾರಾಷ್ಟ್ರದಲ್ಲಿಯೂ 2015ರಿಂದ ಹೋರಿ, ಎತ್ತುಗಳಿಗೆ ನಿಷೇಧ ಬಂದಿದೆ. ಹೀಗಾಗಿ ಮುದಿ ಎತ್ತಿಗೆ ಕೊನೆಯ ಬೆಲೆ ಅಂತ ಉಳಿದಿಲ್ಲ. ದೇವಣಿ ಸಾಕುವವನಿಗೆ ಹಾಲು, ಗೊಬ್ಬರ ಬಿಟ್ಟರೆ ಕೈಗೆ ದೊಡ್ಡ ಮೊತ್ತ ಬರುವುದು ಎಳೆ ಹೋರಿಯನ್ನು ಒಕ್ಕಲುತನಕ್ಕೆ ಮಾರಿದಾಗಲೇ. ಅದಕ್ಕೆ ಬೆಲೆ ಕಟ್ಟುವುದು ಎತ್ತರ, ಎದೆ, ಮೈಕಟ್ಟು ನೋಡಿ. ಅವರು ಕಿಲೊ ಮಾರುತ್ತಾರೆ, ನಾವು ಮೈಕಟ್ಟು ಮಾರುತ್ತೇವೆ. ಬೆಳವಣಿಗೆ ನಿಂತರೆ ಇಬ್ಬರಿಗೂ ಲುಕ್ಸಾನು.

ಒಂದು ಲೆಕ್ಕ ಹಾಕಿ ನೋಡೋಣ. 150 ಕಿಲೊ ತೂಕದ ಹೋರಿಗೆ ಮೈತೂಕದ ನೂರಕ್ಕೆ ಎರಡೂವರೆ ಪಾಲಿನಂತೆ ದಿನಕ್ಕೆ ಸುಮಾರು 4 ಕಿಲೊ ಒಣ ಆಹಾರ ಬೇಕು. 45 ದಿನಕ್ಕೆ 180 ಕಿಲೊ. ಈ ದಿನಗಳಲ್ಲಿ ಅದು ಬೆಳೆಯಲಿಲ್ಲ ಅಂದರೆ 180 ಕಿಲೊ ಮೇವು ಬರೇ ಜೀವ ಹಿಡಿಯಲಿಕ್ಕೆ ಹೋಯಿತು. ಅದೇ ಹೋರಿಗೆ ದಿನಕ್ಕೆ ಅರ್ಧ ಕಿಲೊ ತೊಗರಿ ಚುನ್ನಿ ಕೊಟ್ಟರೆ 45 ದಿನಕ್ಕೆ 22-23 ಕಿಲೊ ಆಗುತ್ತದೆ. ಇಷ್ಟು ಚುನ್ನಿಯಿಂದ ಆ 180 ಕಿಲೊ ಮೇವು ಮೈಗೆ ಹತ್ತುತ್ತದೆ. ಖರ್ಚು ಯಾವುದು, ಉಳಿತಾಯ ಯಾವುದು ಅಂತ ಆಯಾ ವರ್ಷದ ರೇಟು ಹಾಕಿ ನೀವೇ ನೋಡಿ.

ಥಂಡಿಗಿಂತ ಹಸಿ ಕೆಟ್ಟದ್ದು

ಚಳಿ ದೇಶದ ಉದ್ದ ಕೂದಲಿನ ದೊಡ್ಡ ದನಕ್ಕೆ ಮೈ ಒಣಗಿದ್ದರೆ ಸೊನ್ನೆ ಡಿಗ್ರಿಯ ಹತ್ತಿರ ಹೋದರೂ ಹೆಚ್ಚಿನ ಮೇವು ಬೇಕಾಗುವುದಿಲ್ಲ. ಅದೇ ದನದ ಮೈ ಹಸಿಯಾದರೆ 15 ಡಿಗ್ರಿಯಲ್ಲೇ ಥಂಡಿ ಹತ್ತುತ್ತದೆ. ಅಲ್ಲಿಂದ ಒಂದೊಂದು ಡಿಗ್ರಿ ಇಳಿದಂತೆ ನೂರಕ್ಕೆ ಎರಡರಷ್ಟು ಹೆಚ್ಚು ಆಹಾರ ಬೇಕು ಅಂತ ಅವರ ಲೆಕ್ಕ. ನಮ್ಮ ದೇವಣಿಗೆ ಕೂದಲು ಗಿಡ್ಡ, ಗಂಗೆದೊಗಲು ಜೋಲು. ಅದರ ಮೈ ಇರುವುದೇ ಬಿಸಿಲಿನಾಗ ಶಾಖ ಬಿಡಲಿಕ್ಕೆ. ಅದಕ್ಕೆ ಥಂಡಿ ಇನ್ನೂ ಬೇಗ ತಾಗುತ್ತದೆ.

ಹೀಗಾಗಿ ಮೊದಲ ಕೆಲಸ ನೆಲ ಒಣಗಿಸುವುದು. ಎರೆಮಣ್ಣಿನ ನೆಲ ಗಂಜಲ ಹೀರಿ ರಾಡಿಯಾಗುತ್ತದೆ. ದೀಪಾವಳಿಗೆ ಮುಂಚೆ ಒಂದು ಗೇಣು ಗರಸು ಹಾಕಿ, ಬಡಿದು, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಡಬೇಕು. ಮೇಲೆ ದನ ತಿನ್ನದೆ ಬಿಟ್ಟ ಸೋಯಾ ಹೊಟ್ಟು, ಕಣಕಿಯ ಬುಡ ಹರಡಿರಿ. ದಿನಾ ಬೆಳಿಗ್ಗೆ ಹಸಿಯಾದ ಭಾಗ ತೆಗೆದು ತಿಪ್ಪೆಗೆ ಹಾಕಿ, ಸಂಜೆ ಹೊಸದು ಹಾಕುವುದು. ಗಂಜಲ ಹೀರಿದ ಹೊಟ್ಟು ತಿಪ್ಪೆಗೆ ಬಿದ್ದರೆ ಗೊಬ್ಬರದ ಸತ್ವವೂ ಏರುತ್ತದೆ.

ತೊಗರಿ ಕಟ್ಟಿಗೆಯ ತಟ್ಟಿ

ಗಾಳಿ ತಡೆಯಲು ನಾಲ್ಕೂ ಕಡೆ ತಾಡಪತ್ರಿ ಬಿಗಿಯುವುದು ಒಳ್ಳೆಯದಲ್ಲ. ಒಳಗೆ ಗಂಜಲದ ಘಾಟು ತುಂಬಿ ಕರುವಿಗೆ ಕೆಮ್ಮು, ಪುಪ್ಪುಸದ ಬೇನೆ ಬರುತ್ತದೆ. ಬೆಳಗಿನ ಜಾವ ಕೊಟ್ಟಿಗೆಯೊಳಗೆ ಕರುವಿನ ಮೂಗಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿ. ನಿಮ್ಮ ಕಣ್ಣು ಉರಿದರೆ ಕರುವಿನ ಎದೆಯೂ ಉರಿಯುತ್ತಿದೆ ಅಂತ ತಿಳಿಯಿರಿ.

ಕೆನಡಾದ ಬಯಲು ಸೀಮೆಯಲ್ಲಿ ದನಗಳಿಗೆ ಹಲಗೆಯ ಗಾಳಿತಡೆ ಕಟ್ಟುತ್ತಾರೆ. ಅದರಲ್ಲಿ ಐದನೇ ಒಂದು ಪಾಲು ಸಂದಿ ಬಿಡುತ್ತಾರೆ. ಪೂರ್ತಿ ಮುಚ್ಚಿದ ಗೋಡೆಯಾದರೆ ಗಾಳಿ ಮೇಲೆ ಹತ್ತಿ ಆಚೆಗೆ ಸುಳಿಯಾಗಿ ಬೀಳುತ್ತದೆ. ಸಂದಿ ಇದ್ದರೆ ಗಾಳಿಯ ಜೋರು ಮುರಿಯುತ್ತದೆ. ಇಂಥಾ ಸಂದಿ ನಮ್ಮ ತೊಗರಿ ಕಟ್ಟಿಗೆಯ ತಟ್ಟಿಯಲ್ಲಿ ತಾನಾಗಿಯೇ ಇರುತ್ತದೆ. ರಾಶಿ ಮುಗಿದ ಮೇಲೆ ಕಟ್ಟಿಗೆಯನ್ನು ಹೊಲದಲ್ಲಿ ಸುಡುವ ಬದಲು ಆಳೆತ್ತರದ ತಟ್ಟಿ ಹೆಣೆದು ಗಾಳಿ ಬೀಸುವ ಕಡೆ ನಿಲ್ಲಿಸಿರಿ, ದಕ್ಷಿಣ ಕಡೆ ಬಿಸಿಲಿಗೆ ತೆರೆದಿಡಿ. ತಗಡಿನ ಛತ್ತು ಇದ್ದವರು ಅದರ ಕೆಳಗೂ ಒಂದು ತಟ್ಟಿ ಕಟ್ಟಿದರೆ ರಾತ್ರಿ ತಗಡು ಕಾರುವ ಥಂಡಿ ತಪ್ಪುತ್ತದೆ. ಈ ವರ್ಷದ ತೊಗರಿ ಥಂಡಿ ಬಿದ್ದ ಮೇಲೆ ಕೊಯ್ಲಿಗೆ ಬರುವುದರಿಂದ, ಹೋದ ವರ್ಷದ ಕಟ್ಟಿಗೆ ಎತ್ತಿಡುವುದು ಚಲೋ.

ಮೇವು: ಯಾವಾಗ ಯಾವುದು

ನಮ್ಮಲ್ಲಿ ಥಂಡಿಯ ಹೊತ್ತಿಗೆ ಹಳೇ ಕಣಕಿಯ ಬಣವಿ ಕರಗಿರುತ್ತದೆ. ಹಿಂಗಾರಿ ಜೋಳದ ಹೊಸ ಕಣಕಿ ಬರಲು ಫೆಬ್ರವರಿ, ಮಾರ್ಚ್ ಆಗಬೇಕು. ಸೊರಗುವುದಕ್ಕೆ ಇದೇ ದೊಡ್ಡ ಕಾರಣ. ಇದನ್ನು ತುಂಬಲು ಮೂರು ಮೇವು ಕೈಯಲ್ಲಿವೆ.

ಒಂದು, ಸೋಯಾ ಹೊಟ್ಟು. ಅಕ್ಟೋಬರ್ ರಾಶಿಯಾಗ ಸಿಗುತ್ತದೆ. ಸತ್ವ ಕಡಿಮೆ, ಹೊಟ್ಟೆ ತುಂಬಿಸುತ್ತದೆ. ಮಳೆಗೆ ನೆನೆದು ಬೂಸ್ಟು ಹಿಡಿದದ್ದನ್ನು ಮಾತ್ರ ಹಾಕಬೇಡಿ.

ಎರಡು, ತೊಗರಿ ಹೊಟ್ಟು. ಡಿಸೆಂಬರ್, ಜನವರಿಯಾಗ, ಸರಿಯಾಗಿ ಬೇಕಾದ ಹೊತ್ತಿಗೆ ಬರುತ್ತದೆ. ಎಲೆ, ಕಾಯಿಸಿಪ್ಪೆ ಇರುವ ಈ ಹೊಟ್ಟು ಸೋಯಾಕ್ಕಿಂತ ಎಷ್ಟೋ ಮೇಲು. ಇದನ್ನು ಎಳೆಗರು, ಗಬ್ಬದ ಆಕಳಿಗೆ ಮೀಸಲಿಡಿ.

ಮೂರು, ಕಬ್ಬಿನ ತುದಿ. ಕಾರ್ಖಾನೆ ಹಂಗಾಮಿನಲ್ಲಿ ಹಸಿರು ಅಂತ ಸಿಗುವುದು ಇದೊಂದೇ. ಆದರೆ ಬಹಳ ದಿನ ಇದನ್ನೇ ಹಾಕಿದರೆ ದನದ ಮೈಯೊಳಗಿನ ಸುಣ್ಣ ಕಡಿಮೆಯಾಗುತ್ತದೆ. ಒಣ ಹೊಟ್ಟಿನ ಜೋಡಿ ಕತ್ತರಿಸಿ ಹಾಕಿ, ಖನಿಜ ಮಿಶ್ರಣ ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ, ಕರುವಿಗೆ ಅದರ ಅರ್ಧ ಕೊಡಬೇಕು.

ನೀರಿನದೂ ಒಂದು ಮಾತು. ರಾತ್ರಿಯೆಲ್ಲಾ ಹೊರಗೆ ನಿಂತ ತೊಟ್ಟಿಯ ನೀರು ಕೊರೆಯುತ್ತದೆ, ದನ ಕಡಿಮೆ ಕುಡಿಯುತ್ತದೆ. ನೀರು ಕಡಿಮೆಯಾದರೆ ಒಣಮೇವೂ ಒಳಗೆ ಹೋಗುವುದಿಲ್ಲ. ಬೋರಿನಿಂದ ಆಗಲೇ ಎತ್ತಿದ ನೀರು ಬೆಳಿಗ್ಗೆ ಬೆಚ್ಚಗಿರುತ್ತದೆ, ಅದನ್ನೇ ಕುಡಿಸಿ.

ಸಂಜೆ ಮೇವು, ಹಗಲು ಕರು

"ಹೊಟ್ಟಿ ತುಂಬಿದ ದನಕ್ಕ ಥಂಡಿ ಇಲ್ಲೋ ತಮ್ಮಾ" ಅಂತ ಹಿರೇರು ಹೇಳುವುದರಲ್ಲಿ ಅರ್ಥವಿದೆ. ಒಣಮೇವು ದನದ ದೊಡ್ಡ ಹೊಟ್ಟೆಯಲ್ಲಿ ಹುಳಿಯುವಾಗ ಶಾಖ ಹುಟ್ಟುತ್ತದೆ. ಬೆಳಿಗ್ಗೆ ಹೆಚ್ಚು ಹಾಕಿ ಸಂಜೆ ಒಂದು ಹಿಡಿ ಚೆಲ್ಲುವ ರೂಢಿ ಬಿಟ್ಟು, ದಿನದ ಮೇವಿನಾಗ ಮೂರರಲ್ಲಿ ಎರಡು ಪಾಲು ಸಂಜೆಯ ಮೇಲೆ ಹಾಕಿದರೆ ನಡುರಾತ್ರಿಯ ಥಂಡಿಗೆ ಒಳಗಿನ ಒಲೆ ಉರಿಯುತ್ತಿರುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಕೆನಡಾದ ಮ್ಯಾನಿಟೋಬಾ ಪ್ರಾಂತದ ಗಸ್ ಕೋನಿಫಾಲ್ ಎಂಬ ರೈತ 1970ರ ದಶಕದಲ್ಲಿ ಗಬ್ಬದ ಹಸುಗಳಿಗೆ ಮಧ್ಯಾಹ್ನದ ಹೊತ್ತು ಒಮ್ಮೆ, ರಾತ್ರಿ ಹತ್ತರ ಹೊತ್ತು ಒಮ್ಮೆ ಮೇವು ಹಾಕಿ ನೋಡಿದ. ಹತ್ತರಲ್ಲಿ ಎಂಟು ಹಸು ಬೆಳಿಗ್ಗೆ ಏಳರಿಂದ ಸಂಜೆ ಏಳರೊಳಗೆ ಈದವು. ಆಮೇಲೆ ಬೇರೆ ಕಡೆಯ ಪರೀಕ್ಷೆಗಳಲ್ಲಿಯೂ ರಾತ್ರಿ ಈಯುವುದು ಕಡಿಮೆಯಾದದ್ದು ಕಂಡಿದೆ, ಪ್ರಮಾಣ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಈಯುವ ದಿನಕ್ಕೆ ಮೂರು ನಾಲ್ಕು ವಾರ ಮುಂಚೆಯಿಂದ ರಾತ್ರಿ ಮೇವು ಶುರು ಮಾಡಲು ನಮಗೇನೂ ಹೆಚ್ಚಿನ ಖರ್ಚಿಲ್ಲ.

ಹುಟ್ಟಿದ ಕರುವಿಗೆ ಮೊದಲ ಮೂರು ವಾರ 15 ಡಿಗ್ರಿಯೂ ಥಂಡಿಯೇ. ಗೋಣಿತಟ್ಟಿನಿಂದ ಮೈ ತಿಕ್ಕಿ ಒಣಗಿಸಿ, ಎರಡು ತಾಸಿನೊಳಗೆ ಗಿಣ್ಣದ ಹಾಲು ಕುಡಿಸಿ. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರ್, ಮೊದಲ ದಿನವೇ ಹೊಟ್ಟೆಗೆ ಹೋಗಬೇಕು. ಬಾಯೊಳಗೆ ಬೆರಳು ಇಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಕರು ಥಂಡಿಗೆ ಸಿಕ್ಕಿದೆ, ಮೊದಲು ಮೈ ಬೆಚ್ಚಗೆ ಮಾಡಿ. ಚೊಚ್ಚಲ ಕಡಸು ಕಡುಥಂಡಿಯಲ್ಲಿ ಈಯಬಾರದು ಅಂದರೆ ಮಾರ್ಚ್ ಮೊದಲಿನಿಂದ ಏಪ್ರಿಲ್ ಹತ್ತರ ತನಕ ಹೋರಿಗೆ ಬಿಡಬೇಡಿ. ಒಂಬತ್ತು ತಿಂಗಳು, ಮೇಲೆ ಹತ್ತು ದಿನದ ಲೆಕ್ಕ ಅದು. ಈದು ಅನುಭವವಿದ್ದ ಆಕಳಿಗೆ ಈ ನಿಯಮ ಬೇಡ. ಎರಡು ಬೆದೆ ತಪ್ಪಿಸಿದರೆ 42 ದಿನದ ಹಾಲು ಹೋಗುತ್ತದೆ.

ಮಾರುವ ಹೊತ್ತು

ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾನ ಜಾತ್ರೆ ಮಾರ್ಗಶಿರ ಮಾಸದ ಕೊನೆಗೆ, ಥಂಡಿಯಲ್ಲೇ ಬರುತ್ತದೆ. ಒಳ್ಳೇ ದೇವಣಿ ನೋಡಬೇಕು ಅಂದರೆ ಹೋಗಿಬರಬೇಕಾದ ಜಾತ್ರೆ. ಮೈತುಂಬ ಬಿಳಿಯ ಬಾಳಂಕ್ಯಾ, ಕರಿಮುಖದ ವಾನ್ನೇರಾ, ಕರಿಮಚ್ಚೆಯ ವಾಘ್ಯಾ ಮೂರೂ ಅಲ್ಲಿ ಕಾಣುತ್ತವೆ. ಮಾರುವವರು ಸೊರಗಿದ ಹೋರಿ ಹೊಡಕೊಂಡು ಹೋದರೆ ಅರ್ಧ ಬೆಲೆ ಅಲ್ಲೇ ಹೋಯಿತು. ಹೊರಡುವ ಮೂರು ವಾರ ಮುಂಚೆ ಕಾಲುಬಾಯಿ ಬೇನೆಯ ಲಸಿಕೆ, ಜಂತಿನ ಔಷಧ ಮುಗಿದಿರಲಿ, ಸಾಗಾಟದ ಕಾಗದಪತ್ರ ಕೈಯಲ್ಲಿರಲಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ದನದ ಸಂತೆ, ಜಾತ್ರೆಗಳಿಗೆ ತಡೆ ಬಿತ್ತು. ಅಂಥ ವರ್ಷ ಇನ್ನೂ ಎರಡು ತಿಂಗಳು ಮೇಯಿಸುವ ಮೇವು ಮನೆಯಲ್ಲಿ ಇದ್ದವನಿಗೆ ಮಾತ್ರ ಬಂದ ಬೆಲೆಗೆ ಕೊಟ್ಟುಬಿಡುವ ಪ್ರಸಂಗ ಬರುವುದಿಲ್ಲ.

ತಳಿ, ಬೀಜದ ಹೋರಿ, ರೋಗದ ವಿಷಯ ಕೇಳಲು ಬೀದರದ ನಂದಿನಗರದಲ್ಲಿ ಪಶು ವಿಶ್ವವಿದ್ಯಾಲಯವೇ ಇದೆ. ಕಟ್ಟಿತೂಗಾಂವದಲ್ಲಿ ಅದರ ದೇವಣಿ ಸಂಶೋಧನಾ ಕೇಂದ್ರವಿದೆ. ಆದರೆ ನೆಲ ಒಣಗಿಸುವುದು, ತಟ್ಟಿ ಕಟ್ಟುವುದು, ಸಂಜೆ ಎರಡು ಬುಟ್ಟಿ ಹೊಟ್ಟು ಹೆಚ್ಚು ಹಾಕುವುದು ನಮ್ಮ ಕೈಯಲ್ಲೇ ಇರುವ ಕೆಲಸ. ಬರುವ ಸೋಯಾ ರಾಶಿಯ ದಿನವೇ ಹೊಟ್ಟು ಒಣಗಿಸಿ ಬಣವಿ ಒಟ್ಟುವುದರಿಂದ ಶುರು ಮಾಡಿರಿ.