ಕಣಿವೆಯೇ ಅಂಗಳವಾದ ಸಂಡೂರಿನ ಅರಮನೆ

ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಗಟ್ಟೆಗಳನ್ನಿಕ್ಕಿ ತೋಡಿಸಿದ ಕಾಲುವೆಗಳ ನೀರುಂಡು ಇಂದಿಗೂ ಹಸುರಾಗಿರುವ ಹೊಸಪೇಟೆ, ಹಂಪಿ, ಕಂಪ್ಲಿಗಳ ಕಬ್ಬು-ಬಾಳೆಯ ಸೀಮೆಯನ್ನು ಹಿಂದಿಕ್ಕಿ, ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಸಾಗಿದರೆ, ಅದಿರನ್ನು ಗರ್ಭದಲ್ಲಿ ಧರಿಸಿದ ಎರಡು ಬೆಟ್ಟಸಾಲುಗಳ ನಡುವೆ ಸಂಡೂರಿನ ಕಣಿವೆ ತೆರೆದುಕೊಳ್ಳುತ್ತದೆ. ಆ ಸೀಮೆಗಿರುವ ಕಾಲುವೆಯ ಭಾಗ್ಯ ಇದಕ್ಕಿಲ್ಲ. ಇದಕ್ಕಿರುವುದು ಮಳೆ, ಕಾಡು, ಕೆಮ್ಮಣ್ಣು, ಮತ್ತು ಭೀಮಗಂಡಿ, ಓಬಳಗಂಡಿ ಎಂಬ ಕಂದರಗಳ ನಾರಿಹಳ್ಳ. ಪ್ರಕೃತಿಯೇ ಕಟ್ಟಿಕೊಟ್ಟ ಈ ಪೌಳಿಯೊಳಗೆ ಘೋರ್ಪಡೆ ಮನೆತನದವರು, ನಡುವೆ ಕೆಲಕಾಲ ಕೈತಪ್ಪಿದ್ದನ್ನು ಬಿಟ್ಟರೆ, 1728ರಿಂದ 1949ರವರೆಗೆ ಆಳಿದರು.

ಆಳಿದರು ಎನ್ನುವುದಕ್ಕಿಂತ ಮನೆವಾರ್ತೆ ನಡೆಸಿದರು ಎಂದರೆ ಹೆಚ್ಚು ಒಪ್ಪುವುದೇನೋ. ಸಂಸ್ಥಾನದ ವಿಸ್ತಾರ ಸುಮಾರು 160 ಚದರ ಮೈಲಿ. 1901ರಲ್ಲಿ ಜನಸಂಖ್ಯೆ 11,000ಕ್ಕೆ ತುಸು ಹೆಚ್ಚು. ರಾಜ್ಯವೆನ್ನಲು ಕಿರಿದು, ಜಮೀನೆನ್ನಲು ಹಿರಿದು. ಅಮೆರಿಕದ ಆದಿಕಾಲದ ಶ್ರೀಮಂತ ಗೃಹಸ್ಥರು ವರ್ಜೀನಿಯದಲ್ಲಿ ಹೂಡಿದ್ದ ಹಳ್ಳಿಯ ಬಿಡಾರಗಳನ್ನು ಬಲ್ಲವರಿಗೆ ಈ ಬಗೆಯ ಮನೆವಾರ್ತೆ ಪರಿಚಿತವೆನಿಸೀತು. ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್ನಿನಲ್ಲಿ ನಸುಕಿನಲ್ಲೆದ್ದು, ಮೆಕ್ಕೆಜೋಳದ ರೊಟ್ಟಿಯನ್ನು ಬೆಣ್ಣೆ-ಜೇನಿನೊಡನೆ ತಿಂದು, ಕುದುರೆಯೇರಿ ತನ್ನ ಐದು ಹೊಲಮನೆಗಳನ್ನು ಸುತ್ತಿ, ಅಪರಾಹ್ಣ ಮೂರಕ್ಕೆ ಊಟಕ್ಕೆ ಮರಳುತ್ತಿದ್ದನೆಂಬುದನ್ನು ಚರಿತ್ರಕಾರರು ಅಕ್ಕರೆಯಿಂದ ಬರೆದಿದ್ದಾರೆ. ಆತ ತೀರಿಕೊಂಡ 1799ರಲ್ಲಿ ಅಲ್ಲಿ ದುಡಿಯುತ್ತಿದ್ದ ಗುಲಾಮರು 317 ಮಂದಿ ಎಂಬುದನ್ನು ಅಷ್ಟೇ ಒತ್ತಿ ಬರೆಯಲು ಅವರಿಗೆ ಬಹುಕಾಲ ಹಿಡಿಯಿತು. ಸಂಡೂರಿನ ಮೇಲೆ ಗುಲಾಮಗಿರಿಯ ಆ ಕ್ರೌರ್ಯವನ್ನು ಆರೋಪಿಸುವುದು ಅನ್ಯಾಯ. ಆದರೆ ದೊಡ್ಡಮನೆಯ ದಿನಚರಿ ಯಾರ ಕೈಗಳ ಮೇಲೆ ನಡೆಯಿತೆಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು.

ಬೇಡ ಪಾಳೆಯಗಾರನಿಂದ ಕಣಿವೆಯನ್ನು ಕಸಿದುಕೊಂಡವನು ಘೋರ್ಪಡೆ ಮನೆತನದ ಸಿದ್ಧೋಜಿರಾವ್. ಮುಂದೆ ಹೈದರ್, ಟೀಪುಗಳ ಕೈಸೇರಿ, ಮರಳಿ ಮನೆತನಕ್ಕೆ ಬಂದ ಈ ಸ್ವತ್ತಿನ ಮೇಲೆ ಪೇಶ್ವೆ ಎರಡನೆಯ ಬಾಜೀರಾಯನ ಕಣ್ಣು ಬಿತ್ತು. ಇಲ್ಲಿನ ಕುಮಾರಸ್ವಾಮಿ ದೇವಾಲಯದ ಯಾತ್ರೆಯ ನೆಪದಲ್ಲಿ ಆತ ಮಾಡಿದ ಯತ್ನ ವಿಫಲವಾಗಲು, 1817ರಲ್ಲಿ ಆತನ ಪರವಾಗಿ ಇಂಗ್ಲಿಷ್ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ಸೈನ್ಯಸಮೇತ ಬಂದನು. ಸಂಡೂರಿನ ಒಡೆಯ ಶಿವರಾವ್ ಕಾದಾಡದೆ ಬಿಟ್ಟುಕೊಟ್ಟನು. ಮರುವರ್ಷ ಪೇಶ್ವೆಯೇ ಉರುಳಿದುದರಿಂದ ಊರು ಒಡೆಯನಿಗೆ ಮರಳಿತು. ಇಂಗ್ಲಿಷರು ಕೊಟ್ಟ 1826ರ ಸನದಿನ ಪ್ರಕಾರ ಕಪ್ಪಕಾಣಿಕೆಯಿಲ್ಲ. ಪೊಲೀಸು ವ್ಯವಸ್ಥೆ ಮಾತ್ರ ಮನೆತನದ್ದೇ ಹೊಣೆ. ಇಂಥ ಸಂದಿಗ್ಧ ಸ್ವಾತಂತ್ರ್ಯದಲ್ಲಿ, ಬಳ್ಳಾರಿ ಕಲೆಕ್ಟರನ ಕಣ್ಣಳತೆಯಲ್ಲಿ, ಮನೆಯೊಳಗೆ ಮರಾಠಿ, ಹೊರಗೆ ಕನ್ನಡವೆಂಬಂತೆ ಇಲ್ಲಿನ ಬದುಕು ಸಾಗಿತು.

ಆ ಬದುಕಿನ ಲಯವನ್ನು ನಿರ್ಧರಿಸಿದ್ದು ಗಡಿಯಾರವಲ್ಲ, ಋತುಗಳು. ಬೇಸಗೆಯ ಕಾವು ಏರಿದಾಗ ಕಣ್ಣು ಹಾಯುತ್ತಿದ್ದುದು 3,000 ಅಡಿಗೂ ಎತ್ತರದ ರಾಮನದುರ್ಗದ ಕಡೆಗೆ. ಅದೇ ಪ್ರಸ್ಥಭೂಮಿಯಲ್ಲಿ 19ನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲಿಷರು ತಮ್ಮ ಸಿಪಾಯಿಗಳಿಗಾಗಿ ಆರೋಗ್ಯಧಾಮವನ್ನೂ ಹೂಡಿದ್ದರು. ಮಳೆ ಹಿಂದೆಗೆದು ಬೆಟ್ಟಗಳು ಹಸುರುಡುವ ವೇಳೆಗೆ ದಸರೆ. ಅದಾದ ಮೇಲೆ ಕಾರ್ತಿಕದಲ್ಲಿ ಕಾಡಿನ ನಡುವಣ ಕುಮಾರಸ್ವಾಮಿಯ ದರ್ಶನ. ಪಕ್ಕದಲ್ಲೇ ತಾಯಿ ಪಾರ್ವತಿಯ ಚಾಲುಕ್ಯ ಶೈಲಿಯ ಗುಡಿಯಿದ್ದೂ, ಬ್ರಹ್ಮಚಾರಿ ಮಗನ ಗರ್ಭಗುಡಿಗೆ ಸ್ತ್ರೀಯರಿಗೆ ಪ್ರವೇಶವಿಲ್ಲವೆಂಬ ಸಂಪ್ರದಾಯವನ್ನು ಭಕ್ತರು ಪುರಾಣದಿಂದ ಸಮರ್ಥಿಸುತ್ತಾರೆ. ಈ ಲೇಖಕನಿಗೆ ಆ ಸಮರ್ಥನೆ ರುಚಿಸಿದ್ದಿಲ್ಲ.

ಇದೇ ದೇವಾಲಯದ ಬಾಗಿಲಲ್ಲಿ ಮನೆತನದ ಅತ್ಯುಜ್ಜ್ವಲ ಕಾರ್ಯ ನಡೆಯಿತು. 1928ರಲ್ಲಿ ಪಟ್ಟಕ್ಕೆ ಬಂದ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು 1930ರ ದಶಕದ ಆದಿಯಲ್ಲಿ, ತಿರುವಾಂಕೂರಿನ ಪ್ರಖ್ಯಾತ ದೇವಾಲಯ-ಪ್ರವೇಶ ಘೋಷಣೆಗಿಂತ ಕೆಲವು ವರ್ಷ ಮುಂಚಿತವಾಗಿಯೇ, ಅದನ್ನು ಹರಿಜನರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಪುಟ್ಟ ಸಂಸ್ಥಾನದ ಗುಣವೂ ದೋಷವೂ ಇಲ್ಲಿ ಒಟ್ಟಿಗೆ ಗೋಚರಿಸುತ್ತವೆ. ಒಡೆಯನ ಮನಸ್ಸು ಹಿರಿದಾಗಿದ್ದುದರಿಂದ ಶತಮಾನಗಳ ಅಗುಳಿ ಒಂದು ಆಜ್ಞೆಯಿಂದ ಸರಿಯಿತು. ಆದರೆ ಒಬ್ಬನ ಇಚ್ಛೆಯಿಂದ ತೆರೆದ ಬಾಗಿಲನ್ನು ಇನ್ನೊಬ್ಬನ ಇಚ್ಛೆ ಮುಚ್ಚದಂತೆ ತಡೆಯುವ ಶಾಸನ ಬರಲು ಗಣರಾಜ್ಯವೇ ಬರಬೇಕಾಯಿತು.

1949ರ ಏಪ್ರಿಲ್ 1ರಂದು ಸಂಸ್ಥಾನ ಮದರಾಸು ಪ್ರಾಂತಕ್ಕೆ ಸೇರಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ಅರಮನೆಯ ಯಜಮಾನಿಕೆ ರೂಪಾಂತರ ಹೊಂದಿತೇ ಹೊರತು ಅಳಿಯಲಿಲ್ಲ. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಯಶವಂತರಾವ್ ಅವರ ಪುತ್ರ ಎಂ.ವೈ. ಘೋರ್ಪಡೆಯವರು ದೇವರಾಜ ಅರಸರ ಸಂಪುಟದಲ್ಲಿ ಅರ್ಥಸಚಿವರಾಗಿ, ಮುಂದೆ ಪಂಚಾಯತ್ ರಾಜ್ ಸಚಿವರಾಗಿ ಹೆಸರು ಪಡೆದರು. ಕ್ಯಾಮೆರಾ ಹಿಡಿದು ವನ್ಯಜೀವಿಗಳ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದು ಲೋಕಖ್ಯಾತಿಯನ್ನೂ ಗಳಿಸಿದರು. ಕಾಡನ್ನು ಇಷ್ಟು ಪ್ರೀತಿಸಿದ ಮನೆಯೇ ಬೆಟ್ಟವನ್ನು ಅಗೆಯುವ ಉದ್ಯಮವನ್ನೂ ನಡೆಸಿತೆಂಬ ವಿರೋಧ ಕಣ್ಣಿಗೆ ಹೊಡೆಯದಿರದು. ಆದರೂ ಈ ಶತಮಾನದ ಮೊದಲ ದಶಕದಲ್ಲಿ ಹೊರಗಿನ ದುರಾಶೆ ಕಣಿವೆಗೆ ನುಗ್ಗಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದ ಆ ಹುಚ್ಚಿನ ಮುಂದೆ, ಹಳೆಯ ಒಡೆತನದ ಮಿತಿ ಎದ್ದು ಕಾಣುತ್ತದೆ.

ಶಿವವಿಲಾಸ ಅರಮನೆ ಈಗ ಪ್ರವಾಸಿಗಳಿಗೆ ಬಾಡಿಗೆಗೆ ದೊರೆಯುವ ಹೋಟೆಲಾಗಿದೆ. ಅದರ ಸೊಬಗಿಗೆ ಮನಸೋಲುವುದು ಸಹಜ. ನನ್ನ ಮಟ್ಟಿಗಾದರೋ, ದೊಡ್ಡಮನೆಯ ಹೊರವಲಯದಲ್ಲಿದ್ದ ತಾಂಡಾಗಳ ಸ್ತ್ರೀಯರ ಕೈಗೆಲಸವೇ ಇಲ್ಲಿನ ಹೆಚ್ಚಿನ ಸಂಪತ್ತು. ಪೂರ್ವಕಾಲದಲ್ಲಿ ಹೇರೆತ್ತುಗಳ ಮೇಲೆ ಉಪ್ಪು-ಧಾನ್ಯಗಳನ್ನು ದಖ್ಖಣದ ಸೈನ್ಯಗಳಿಗೆ ಒದಗಿಸುತ್ತಿದ್ದ ಲಂಬಾಣಿಗರ ಮನೆಯ ಹೆಂಗಸರು ತಮ್ಮ ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳಿಗಾಗಿ ಹಾಕಿಕೊಳ್ಳುತ್ತಿದ್ದ ಕನ್ನಡಿ-ಕವಡೆಗಳ ಕಸೂತಿಗೆ 1980ರ ದಶಕದಲ್ಲಿ ಸ್ಥಾಪಿತವಾದ ಸಂಡೂರು ಕುಶಲ ಕಲಾ ಕೇಂದ್ರವು ಮಾರುಕಟ್ಟೆಯ ದಾರಿ ತೆರೆಯಿತು. ರೇಲೋ, ನಾಕ್ರಾ, ಸೂರ್ಯಕಾಂತಿ ಮಾಕಿ ಮೊದಲಾದ 14 ಬಗೆಯ ಹೊಲಿಗೆಗಳುಳ್ಳ ಈ ಕಲೆಗೆ ಇಂದು ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ, 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಹೊಲಿದ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಹಂಪಿಗೆ ಬರುವ ವಾಚಕರು ಒಂದು ದಿನವನ್ನು ಸಂಡೂರಿಗಾಗಿ ಮೀಸಲಿಡಲಿ. ಮಳೆಗಾಲ ಮುಗಿಯುವ ಹೊತ್ತು ಪ್ರಶಸ್ತ. ಮೊದಲು ಕಲಾ ಕೇಂದ್ರವನ್ನು ನೋಡಿ, ಅಲ್ಲಿಯ ಕಸೂತಿಗೆ ಚೌಕಾಸಿ ಮಾಡದೆ ಬೆಲೆ ತೆತ್ತು, ಸಮಯವುಳಿದರೆ ಅರಮನೆಗೆ ಹೋಗಲಿ.