ಮೂತ್ರಪಿಂಡದ ನೀರುಗಂಟಿ

ಉಪ್ಪಿನಕಾಯಿ ಹಪ್ಪಳಗಳೊಡನೆ ಹೊಟ್ಟೆತುಂಬ ಉಂಡ ದಿನವೂ, ಏಕಾದಶಿಯ ನಿರಾಹಾರದ ದಿನವೂ, ಬಿರುಬೇಸಗೆಯಲ್ಲಿ ಮೈಯೆಲ್ಲ ಬೆವರಾಗುವಂತೆ ದುಡಿದ ದಿನವೂ, ಮದುವೆಯ ಮನೆಯಲ್ಲಿ ಪಾನಕ ಮಜ್ಜಿಗೆಗಳನ್ನು ಯಥೇಚ್ಛವಾಗಿ ಕುಡಿದ ದಿನವೂ ನಮ್ಮ ರಕ್ತದ ಲವಣಸಾಂದ್ರತೆಯಾಗಲಿ, ಆಮ್ಲಕ್ಷಾರಗಳ ಸಮತೋಲವಾಗಲಿ ಅತ್ಯಲ್ಪವಾದ ಮೇರೆಯನ್ನು ಮೀರಿ ಕದಲುವುದಿಲ್ಲವೆಂಬುದು ಶರೀರಕ್ರಿಯಾಶಾಸ್ತ್ರವು ನಮಗೆ ತಿಳಿಸುವ ಮಹಾಶ್ಚರ್ಯಗಳಲ್ಲೊಂದು. ಈ ಸ್ಥೈರ್ಯಕ್ಕೆ ಮೂತ್ರಪಿಂಡಗಳು ಕಾರಣವೆಂಬುದನ್ನು ಬಹುಮಂದಿ ಬಲ್ಲರು. ಆ ಪಿಂಡಗಳೊಳಗಿನ ನಾಳಿಕೆಗಳ ಕಟ್ಟಕಡೆಯ ಭಾಗದಲ್ಲಿ ಉಪ್ಪು, ನೀರು, ಆಮ್ಲ ಈ ಮೂರರ ಅಂತಿಮ ನಿರ್ಣಯವಾಗುವುದೆಂಬುದನ್ನು ಬಲ್ಲವರು ವಿರಳ.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ನೆಫ್ರಾನುಗಳೆಂಬ ಸೋಸುಘಟಕಗಳಿವೆ. ಪ್ರತಿಯೊಂದರ ತಲೆಯಲ್ಲಿಯೂ ಅತಿಸೂಕ್ಷ್ಮವಾದ ರಕ್ತನಾಳಗಳ ಗೊಂಚಲೊಂದಿದ್ದು, ಅಲ್ಲಿಂದ ಸೋಸಿಬಂದ ದ್ರವವು ಮೊದಲು ಆದಿನಾಳಿಕೆಯನ್ನೂ, ಅನಂತರ ಹೆನ್ಲೆಯ ಕುಣಿಕೆಯನ್ನೂ ದಾಟಿ, ಕಡೆಗೆ ಅಂತ್ಯನಾಳಿಕೆಯನ್ನೂ ಅದರ ಮುಂದಿನ ಸಂಗ್ರಾಹಕ ನಾಳವನ್ನೂ ಸೇರುವುದು. ಹೀಗೆ ಒಂದು ದಿನದಲ್ಲಿ ಸೋಸಲ್ಪಡುವ ದ್ರವ ಸುಮಾರು 180 ಲೀಟರು. ಅದರಲ್ಲಿ ಕರಗಿರುವ ಸೋಡಿಯಮ್ಮನ್ನು ಅಡಿಗೆಯ ಉಪ್ಪಿನ ಲೆಕ್ಕದಲ್ಲಿ ಹೇಳುವುದಾದರೆ ಒಂದೂವರೆ ಕಿಲೋಗ್ರಾಮಿಗೆ ಸಮೀಪ. ಇದರಲ್ಲಿ ಮೂರರಲ್ಲೆರಡು ಪಾಲನ್ನು ಆದಿನಾಳಿಕೆಯೂ, ಕಾಲುಭಾಗದಷ್ಟನ್ನು ಕುಣಿಕೆಯೂ ರಕ್ತಕ್ಕೆ ಮರಳಿಸಿಬಿಡುವುದರಿಂದ, ಅಂತ್ಯಭಾಗಕ್ಕೆ ತಲಪುವ ಉಪ್ಪು ಹೆಚ್ಚುಕಡಮೆ ಹತ್ತರಲ್ಲೊಂದು ಪಾಲು ಮಾತ್ರ. ಆದರೆ ಇಂದು ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಹೊರಗೆ ಬಿಡಬೇಕು ಎಂಬ ಸೂಕ್ಷ್ಮವಿವೇಚನೆ ನಡೆಯುವುದು ಈ ಕಿರುಪಾಲಿನಲ್ಲಿಯೇ.

ಅಂತ್ಯನಾಳಿಕೆಯ ಆರಂಭದಲ್ಲಿಯೇ ಒಂದು ವಿಶೇಷವುಂಟು. ದೂರ ಇಳಿದು ಮತ್ತೆ ಮೇಲೇರಿದ ನಾಳಿಕೆಯು ತಾನು ಹೊರಟ ಗೊಂಚಲಿನ ಮಗ್ಗುಲಿಗೇ ಮರಳಿಬಂದು ಅದನ್ನು ಸ್ಪರ್ಶಿಸುವುದು. ಅಲ್ಲಿ ಒತ್ತೊತ್ತಾಗಿ ನೆರೆದಿರುವ ಮ್ಯಾಕುಲಾ ಡೆನ್ಸಾ ಎಂಬ ಜೀವಕೋಶಗಳು ಹರಿದುಬರುತ್ತಿರುವ ಉಪ್ಪಿನ ಪ್ರಮಾಣವನ್ನರಿತು, ಅದು ಮಿತಿಮೀರಿದರೆ ಗೊಂಚಲಿಗೆ ರಕ್ತವನ್ನು ತರುವ ನಾಳವನ್ನು ಸಂಕುಚಿತಗೊಳಿಸಿ ಸೋಸುವಿಕೆಯನ್ನು ತಗ್ಗಿಸುವುವು. ಕಡಮೆಯಾದರೆ ರೆನಿನ್ ಎಂಬ ದ್ರವ್ಯದ ಸ್ರಾವಕ್ಕೆ ಪ್ರೇರಣೆ ಕೊಡುವುವು. ಅದರಾಚೆಯ ಸುರುಳಿಭಾಗದಲ್ಲಿ ಸೋಡಿಯಂ, ಕ್ಲೋರೈಡುಗಳು ಜೊತೆಜೊತೆಯಾಗಿ ಕೋಶಗಳೊಳಕ್ಕೆ ಸೆಳೆಯಲ್ಪಡುತ್ತವೆ. ಗೋಡೆಯಾದರೋ ನೀರಿಗೆ ಅಭೇದ್ಯವಾದುದರಿಂದ, ಉಪ್ಪು ಹೋಗಿ ನೀರುಳಿದು, ದ್ರವವು ಮತ್ತಷ್ಟು ತೆಳುವಾಗುವುದು.

ಅನಂತರ ಬರುವ ಪ್ರಧಾನಕೋಶಗಳೇ, ಕೆರೆಯ ಮಟ್ಟವನ್ನೂ ಗದ್ದೆಯ ಅಗತ್ಯವನ್ನೂ ನೋಡಿಕೊಂಡು ತೂಬನ್ನೆತ್ತಿ ಇಳಿಸುವ ನೀರುಗಂಟಿಯಂತೆ, ದೇಹದ ಅಪ್ಪಣೆಯನ್ನು ಕಾದು ಕೆಲಸಮಾಡತಕ್ಕವು. ಅಪ್ಪಣೆಗಳು ಎರಡು. ಮೊದಲನೆಯದು ಅಡ್ರಿನಲ್ ಗ್ರಂಥಿಯಿಂದ ಬರುವ ಆಲ್ಡೋಸ್ಟಿರೋನ್. ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಈ ಹಾರ್ಮೋನು ಸೋಡಿಯಮ್ಮಿನ ದ್ವಾರಗಳನ್ನು ಹೆಚ್ಚಿಸಿ ಉಪ್ಪನ್ನುಳಿಸುವುದಲ್ಲದೆ, ಅದಕ್ಕೆ ಪ್ರತಿಯಾಗಿ ಪೊಟ್ಯಾಸಿಯಮ್ಮನ್ನು ಹೊರದೂಡಿಸುವುದು. ಎಳನೀರಿನಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಆರೋಗ್ಯವಂತನಿಗೆ ಬಾಧಕವಾಗದಿರುವುದೂ, ಮೂತ್ರಪಿಂಡ ಕುಂದಿದವನಿಗೆ ವೈದ್ಯರು ಎಳನೀರನ್ನು ನಿಷೇಧಿಸುವುದೂ ಈ ಕಾರಣದಿಂದಲೇ.

ಎರಡನೆಯ ಅಪ್ಪಣೆ ಪಿಟ್ಯುಟರಿಯಿಂದ ಬರುವ ವ್ಯಾಸೊಪ್ರೆಸಿನ್. ದಾಹವಾಗಿ ರಕ್ತವು ಸಾಂದ್ರವಾದೊಡನೆ ಈ ಹಾರ್ಮೋನು ಕೋಶದ ರಕ್ತಾಭಿಮುಖವಾದ ಬದಿಯನ್ನು ಮುಟ್ಟುವುದು. ಆಗ ಕೋಶದೊಳಗೆ ಸಣ್ಣ ಗುಳ್ಳೆಗಳಲ್ಲಿ ಕಾದಿರಿಸಿದ್ದ ನೀರಿನ ದ್ವಾರಗಳು ಎದುರುಬದಿಯ ಪೊರೆಗೆ ಚಲಿಸಿ, ಅದರಲ್ಲಿ ಬೆಸೆದುಕೊಂಡು ತೆರೆದುಕೊಳ್ಳುವುವು. ನಾಳದ ಸುತ್ತಲ ಅಂಗಾಂಶವು ಬಹಳ ಸಾಂದ್ರವಾಗಿರುವುದರಿಂದ ನೀರು ತಾನೇ ಅತ್ತ ಸೆಳೆಯಲ್ಪಡುವುದು. ದಾಹ ತಣಿದಾಗ ದ್ವಾರಗಳು ಮರಳಿ ಒಳಸೇರುತ್ತವೆ. ಅಕ್ವಾಪೊರಿನ್‌ಗಳೆಂಬ ಇಂಥ ದ್ವಾರಗಳನ್ನು ಕಂಡುಹಿಡಿದುದಕ್ಕಾಗಿ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಆಮ್ಲದ ಮಾತು. ಬೇಳೆಕಾಳು, ಮಾಂಸ ಮೊದಲಾದ ಸಸಾರಜನಕ ಆಹಾರಗಳು ದೇಹದಲ್ಲಿ ಜೀರ್ಣಿಸಿ ವಿನಿಯೋಗವಾದಾಗ ಉಳಿಯುವ, ಉಸಿರಿನ ಮೂಲಕ ಹೋಗಲಾರದ ಆಮ್ಲವನ್ನು ಹೊರಹಾಕುವ ಭಾರ ಮೂತ್ರಪಿಂಡದ್ದು. ಪ್ರಧಾನಕೋಶಗಳ ನಡುನಡುವೆ ಚದರಿರುವ ಮತ್ತೊಂದು ಜಾತಿಯ ಕೋಶಗಳು ಹೈಡ್ರೊಜನ್ ಅಯಾನುಗಳನ್ನು ನಾಳದೊಳಕ್ಕೆ ಒತ್ತಿ, ಒಂದೊಂದಕ್ಕೆ ಒಂದೊಂದರಂತೆ ಬೈಕಾರ್ಬೊನೇಟನ್ನು ರಕ್ತಕ್ಕೆ ಸಲ್ಲಿಸುವುವು; ಹೊರಬಿದ್ದ ಆಮ್ಲವನ್ನು ಫಾಸ್ಫೇಟೂ ಅಮೋನಿಯಾವೂ ಹೊತ್ತುಕೊಂಡು ಹೋಗುವುವು. ರಕ್ತದ ಪಿಹೆಚ್ 7.4 ಇರುವಾಗಲೇ ಮೂತ್ರದ್ದನ್ನು 4.5ಕ್ಕೆ ಇಳಿಸಬಲ್ಲ, ಎಂದರೆ ಸುಮಾರು 800 ಪಟ್ಟು ಆಮ್ಲಸಾಂದ್ರತೆಗೆ ಎದುರಾಗಿ ದುಡಿಯಬಲ್ಲ ಸಾಮರ್ಥ್ಯ ಇವುಗಳದು. ಇದೆಲ್ಲ ತಿಳಿದುಬಂದ ಬಗೆಯನ್ನೂ ಇಲ್ಲಿ ನೆನೆಯಬೇಕು. 1920ರ ದಶಕದಲ್ಲಿ ಫಿಲಡೆಲ್ಫಿಯಾದ ಆಲ್ಫ್ರೆಡ್ ನ್ಯೂಟನ್ ರಿಚರ್ಡ್ಸ್ ಮತ್ತು ಅವರ ಸಂಗಡಿಗರು, ಸೂಕ್ಷ್ಮದರ್ಶಕದಡಿಯಲ್ಲಿ ಕಪ್ಪೆಯ ಮೂತ್ರಪಿಂಡದ ಗೊಂಚಲನ್ನು ಅತಿ ತೆಳುವಾದ ನಳಿಗೆಯಿಂದ ಚುಚ್ಚಿ, ಕಣ್ಣಿಗೆ ಕಾಣದಷ್ಟು ದ್ರವವನ್ನು ಹೀರಿ ಪರೀಕ್ಷಿಸುವ ವಿದ್ಯೆಯನ್ನು ಸಾಧಿಸದಿದ್ದಲ್ಲಿ, ನಾಳಿಕೆಯ ಯಾವ ಭಾಗ ಯಾವ ಕಾರ್ಯವನ್ನು ಮಾಡುವುದೆಂಬ ಅರಿವು ಇಷ್ಟು ನಿಶ್ಚಿತವಾಗಿ ನಮಗೆ ದೊರೆಯುತ್ತಿರಲಿಲ್ಲ.

ಈ ಜ್ಞಾನವು ವಿದ್ವಜ್ಜನರ ಕುತೂಹಲಕ್ಕೆ ಮಾತ್ರ ಸೇರಿದುದಲ್ಲ. ರಕ್ತದ ಒತ್ತಡಕ್ಕೆಂದು ಅಸಂಖ್ಯಾತ ಜನರು ಸೇವಿಸುವ ಥಯಜೈಡ್ ಮಾತ್ರೆ ತಡೆಯುವುದು ಅಂತ್ಯನಾಳಿಕೆಯ ಉಪ್ಪಿನ ಸೆಳೆತವನ್ನು. ನೀರಿನ ದ್ವಾರಗಳು ಅಪ್ಪಣೆಗೆ ಓಗೊಡದಿದ್ದರೆ ರೋಗಿಯು ದಿನಕ್ಕೆ ಹತ್ತು ಲೀಟರಿಗಿಂತಲೂ ಹೆಚ್ಚು ಮೂತ್ರ ವಿಸರ್ಜಿಸಬೇಕಾದೀತು. ಆಮ್ಲವನ್ನು ಹೊರಹಾಕುವ ಶಕ್ತಿ ಹುಟ್ಟಿನಿಂದಲೇ ಕುಂದಿದ ಮಗುವಿನ ಬೆಳವಣಿಗೆ ಕುಗ್ಗಿ, ಎಲುಬುಗಳು ಮೆತುವಾಗಿ, ಮೂತ್ರಪಿಂಡಗಳಲ್ಲಿ ಸುಣ್ಣ ಕಟ್ಟುವುದು. ಆದರೆ ಅದನ್ನು ಸಕಾಲದಲ್ಲಿ ಗುರುತಿಸಿ, ಬೈಕಾರ್ಬೊನೇಟು ಸಿಟ್ರೇಟುಗಳಂಥ ಅಗ್ಗದ ಕ್ಷಾರೌಷಧವನ್ನು ತಪ್ಪದೆ ಕೊಟ್ಟಲ್ಲಿ ಆ ಮಗು ಚೆನ್ನಾಗಿ ಬೆಳೆಯಬಲ್ಲುದು. ಆದುದರಿಂದ ಕಾರಣವಿಲ್ಲದೆ ಬೆಳವಣಿಗೆ ನಿಂತ, ಪದೇಪದೇ ಬಾಯಾರುವ ಮಗುವಿನ ಮೂತ್ರವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸುವುದನ್ನು ತಂದೆತಾಯಿಗಳು ನಾಳೆಗೆಂದು ಮುಂದೂಡಲಾಗದು.