ಭೂಗರ್ಭದಲ್ಲಿ ಅನಿಲದ ಉತ್ಪತ್ತಿಯೂ ಬಂಧನವೂ

ನೆದರ್ಲೆಂಡ್ಸ್ ದೇಶದ ಈಶಾನ್ಯದಲ್ಲಿ ಗ್ರೋನಿಂಗೆನ್ ಎಂಬ ಪ್ರಾಂತವುಂಟು. ಅಲ್ಲಿಯ ಸ್ಲೋಖ್ಟರೆನ್ ಗ್ರಾಮದ ಬಳಿ 1959ರಲ್ಲಿ ಕೊರೆದ ಬಾವಿಯಲ್ಲಿ, ಸುಮಾರು 3 ಕಿಲೋಮೀಟರು ಆಳದಿಂದ, ದಹನಶೀಲವಾದ ಅನಿಲವು ಹೊರಹೊಮ್ಮಿತು. ಅಲ್ಲಿಯ ನಿಕ್ಷೇಪದ ಮೊತ್ತವು ಸುಮಾರು 2,80,000 ಕೋಟಿ ಘನಮೀಟರುಗಳೆಂದು ಕ್ರಮೇಣ ತಿಳಿದುಬಂದಿತು. ಇಷ್ಟು ಅನಿಲವು ಎಲ್ಲಿಂದ ಹುಟ್ಟಿತು, ಹಗುರವಾದ ವಸ್ತುವಾಗಿಯೂ ಹಾರಿಹೋಗದೆ ಹೇಗೆ ನಿಂತಿತು ಎಂಬಿವು ಬೇರೆಬೇರೆ ಪ್ರಶ್ನೆಗಳು. ನೆಲದೊಳಗೆ ದೊಡ್ಡ ಗುಹೆಯಿದ್ದು ಅದರಲ್ಲಿ ಅನಿಲವು ತುಂಬಿರುವುದೆಂಬ ಭಾವನೆಯಂತೂ ಸರ್ವಥಾ ತಪ್ಪು.

30 ಕೋಟಿ ವರ್ಷಗಳಿಗೂ ಹಿಂದೆ, ಅಂಗಾರಯುಗವೆನಿಸಿದ ಕಾಲದಲ್ಲಿ, ಅಲ್ಲಿ ವಿಸ್ತಾರವಾದ ಜವುಗು ಅರಣ್ಯಗಳಿದ್ದುವು. ದೈತ್ಯಾಕಾರದ ಜರೀಗಿಡಗಳೂ ಅವುಗಳ ಸಂಬಂಧಿಗಳೂ ನಿಂತ ನೀರಿನಲ್ಲಿ ಬಿದ್ದು, ಆಮ್ಲಜನಕದ ಅಭಾವದಿಂದ ಪೂರ್ಣವಾಗಿ ಕೊಳೆಯದೆ, ಕೆಸರಿನಡಿಯಲ್ಲಿ ಹೂತು ಕಲ್ಲಿದ್ದಲಾದುವು. ಭೂಮಿಯಲ್ಲಿ ಕಿಲೋಮೀಟರಿಗೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಂತೆ ಉಷ್ಣವೇರುವುದು. ಇದ್ದಲಿನ ಪದರವು ಆಳಕ್ಕಿಳಿದು 100 ಡಿಗ್ರಿಯನ್ನು ಮೀರಿದಾಗ ಅದರೊಳಗಣ ಅಣುಗಳು ಒಡೆದು ಮೀಥೇನ್ ಹೊರಬರುತ್ತದೆ; ಉಳಿದ ಇದ್ದಲು ಮತ್ತಷ್ಟು ಇಂಗಾಲಮಯವಾಗುತ್ತದೆ. ಸಾಗರದ ಪಾಚಿಯಿಂದ ವಿಶೇಷವಾಗಿ ತೈಲ, ಮರದಿಂದ ವಿಶೇಷವಾಗಿ ಅನಿಲ: ಬೀಜದಂತೆ ಫಲ.

ಇನ್ನು ಬಂಧನದ ವಿಚಾರ. ಅರಣ್ಯಗಳು ಅಳಿದ ಮೇಲೆ ಅದೇ ನೆಲವು ಮರುಭೂಮಿಯಾಗಿ, ಅಲ್ಲಿಯ ಮರಳು ಕಾಲಾಂತರದಲ್ಲಿ ಮರಳುಗಲ್ಲಾಯಿತು. ಕಣಕಣಗಳ ನಡುವಣ ಸೂಕ್ಷ್ಮ ರಂಧ್ರಗಳೇ ಅನಿಲಕ್ಕೆ ಮನೆ. ಅನಂತರ ಸಮುದ್ರವು ನುಗ್ಗಿ, ಮತ್ತೆ ಮತ್ತೆ ಬತ್ತಿ, ನೂರಾರು ಮೀಟರು ದಪ್ಪದ ಉಪ್ಪನ್ನು ಅದರ ಮೇಲೆ ಹಾಸಿತು. ಉಪ್ಪು ರಂಧ್ರರಹಿತವಾದುದು, ಸಾಲದೆ, ಭಾರಕ್ಕೆ ಸಿಕ್ಕಿದಾಗ ಕಣಕದ ಹಿಟ್ಟಿನಂತೆ ಮೆಲ್ಲನೆ ಹರಿದು ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುವುದು. ಇಲ್ಲಿ ಕ್ರಮವೇ ಮುಖ್ಯ. ಮುಚ್ಚಳವು ಮೊದಲು ಸಿದ್ಧವಾಯಿತು, ಅನಿಲವು ಬಳಿಕ ಏರಿಬಂದಿತು. ಇದು ವ್ಯತ್ಯಸ್ತವಾಗಿದ್ದರೆ ಬಾವಿಯಲ್ಲಿ ಉಪ್ಪುನೀರಲ್ಲದೆ ಬೇರೇನೂ ದೊರೆಯುತ್ತಿರಲಿಲ್ಲ. ಬೋರಲಿಟ್ಟ ಪಾತ್ರೆಯಂತೆ ಉಬ್ಬಿದ ಶಿಲಾಖಂಡದ ಶಿಖರದಲ್ಲಿ, ನೀರನ್ನು ಕೆಳಕ್ಕೆ ತಳ್ಳಿ, ಅನಿಲವು ನೆಲಸಿತು. ‘ಅನ್’ ಎಂಬ ಉಸಿರಾಟದ ಧಾತುವಿನಿಂದಾದ ಅನಿಲಶಬ್ದಕ್ಕೆ ಗಾಳಿಯೆಂದರ್ಥ. ಕೋಟ್ಯಂತರ ವರ್ಷ ಕದಲದೆ ನಿಂತ ಈ ವಸ್ತುವಿಗೆ ಆ ಹೆಸರು ಒಪ್ಪುವುದೆ ಎಂದು ವೈಯಾಕರಣರು ಕೇಳಬಹುದು! ಮುಚ್ಚಳವು ಬಿಗಿಯಾಗಿರದ ಕಡೆ ಆಗುವುದೇನೆಂಬುದನ್ನು ಹಿಮಾಚಲದ ಜ್ವಾಲಾಮುಖಿಕ್ಷೇತ್ರದಲ್ಲಿ ಕಾಣಬಹುದು. ಬಂಡೆಯ ಬಿರುಕಿನಿಂದ ಸೂಸುವ ಅನಿಲವೇ ಅಲ್ಲಿ ಜ್ಯೋತಿಯಾಗಿ ಉರಿಯುವುದು.

ರಂಧ್ರಗಳಲ್ಲಿದ್ದ ಅನಿಲವು ಸುಮ್ಮನೆ ಕುಳಿತಿರಲಿಲ್ಲ. ಮೇಲಣ ಬಂಡೆಗಳ ಭಾರದಲ್ಲಿ ಒಂದು ಪಾಲನ್ನು ಹೊತ್ತಿತ್ತು. ಅದನ್ನು ಹೊರತೆಗೆದಂತೆ ಒತ್ತಡವು ಕುಗ್ಗಿ, ಮರಳುಗಲ್ಲು ಅಮುಕಿ, ಹಳೆಯ ಸ್ತರಭಂಗಗಳು ಜಾರಿದುವು. 2012ರ ಆಗಸ್ಟಿನಲ್ಲಿ ಹುಯಿಜಿಂಗೆ ಗ್ರಾಮದ ಬಳಿ 3.6 ಪ್ರಮಾಣದ ಕಂಪವಾಯಿತು. ಪ್ರಮಾಣವು ಅಲ್ಪವೆನಿಸಿದರೂ ಕಂಪನಸ್ಥಾನವು ಆಳದಲ್ಲಿರದೆ ನೆಲಕ್ಕೆ ಸಮೀಪವಿದ್ದುದರಿಂದ ಇಟ್ಟಿಗೆಯ ಮನೆಗಳು ಬಿರುಕುಬಿಟ್ಟುವು. ಜನರ ದೀರ್ಘಕಾಲದ ಆಕ್ಷೇಪದ ಬಳಿಕ 2023ರ ಅಕ್ಟೋಬರಿನಲ್ಲಿ ಉತ್ಪಾದನೆಯು ನಿಂತಿತು. 2024ರಲ್ಲಿ ಶಾಸನದ ಮೂಲಕ ಕ್ಷೇತ್ರವೇ ಶಾಶ್ವತವಾಗಿ ಮುಚ್ಚಲ್ಪಟ್ಟಿತು. ಅನಿಲದ ಒಂದು ಭಾಗವು ಇನ್ನೂ ಉಪ್ಪಿನಡಿಯಲ್ಲಿಯೇ ಇದೆ. ಒತ್ತಡವು ಬಂಡೆಯಲ್ಲೆಲ್ಲ ಸಮವಾಗುವವರೆಗೆ ಚಿಕ್ಕ ಕಂಪನಗಳು ನಿಲ್ಲುವಂತಿಲ್ಲ.